ಛಾಯಾಳ ಇನ್ನೂರು ರೂಪಾಯಿ

ನಮ್ಮ ಅವ್ವನಿಗೆ ಲೆಕ್ಕ ಒಪ್ಪಿಸದೆ ಈ ಮನೆಯ ಹೊಸ್ತಿಲು ದಾಟಿದವರಿಲ್ಲ. ಅಪ್ಪ ಕುರಿ ಕಾಯುತ್ತಿದ್ದ ಕಾಲಕ್ಕೆ, ಸಂಜೆ ಹಿಂಡು ಹೊಡೆದುಕೊಂಡು ಬಂದವನು ಎಷ್ಟು ಕುರಿ ಹೋಗಿದ್ದವು, ಎಷ್ಟು ತಿರುಗಿ ಬಂದವು, ಯಾವುದು ಕುಂಟುತ್ತಿದೆ, ಯಾವುದು ಮೇವು ಬಿಟ್ಟಿದೆ ಎಂದು ಅವಳ ಮುಂದೆ ಹೇಳಿದ ಮೇಲೆಯೇ ಕೈಗೆ ನೀರಿನ ತಂಬಿಗೆ ಸಿಗುತ್ತಿತ್ತು. ಈಗ ಹಿಂಡು ಇಲ್ಲ. ಬಾಗಿಲಲ್ಲಿ ನಾಲ್ಕು ಆಡುಗಳಿವೆ, ಅಪ್ಪನ ಮೊಣಕಾಲು ಹೋಗಿದೆ. ಆದರೆ ಅವ್ವ ಇದ್ದಾಳೆ, ಅವಳ ಚಟವೂ ಇದೆ. ಹೀಗಾಗಿ ಪಗಾರ ಆದ ದಿನ ನಾನೂ ನನ್ನ ಹೆಂಡತಿ ಛಾಯಾಳೂ ಅಡಿಗೆಮನೆಯ ಬಾಗಿಲಲ್ಲಿ ಕೂತು, ಮೊಬೈಲಿಗೆ ಬಂದ ಪಗಾರಚೀಟಿಯನ್ನು ಸಾಲುಸಾಲಾಗಿ ಓದಿ ಹೇಳಬೇಕು. ಅದು ಮುಗಿದ ಮೇಲೆ ರೊಟ್ಟಿ.

ನಮ್ಮದು ಮಹಾರಾಷ್ಟ್ರದ ಮಿರಜಿನ ಹತ್ತಿರ, ಮಾಲಗಾಂವದ ಆಚೆ, ಕಬ್ಬು ಮತ್ತು ದ್ರಾಕ್ಷಿ ತೋಟಗಳ ನಡುವೆ ಇರುವ ಧನಗರರ, ಅಂದರೆ ಕುರುಬರ, ಸಣ್ಣ ವಸ್ತಿ. ಮನೆಯೊಳಗೆ ಕನ್ನಡ, ಹೊರಗೆ ಹೋದರೆ ಮರಾಠಿ, ಸಿಟ್ಟು ಬಂದರೆ ಎರಡೂ. ನಾನು ಕುಪವಾಡದ ಕಾರಖಾನೆಗಳ ವಸಾಹತು ಎಂಐಡಿಸಿಯ ಒಂದು ಫೌಂಡ್ರಿಯಲ್ಲಿ ಕಬ್ಬಿಣ ಕರಗಿಸುವ ಭಟ್ಟಿಯ ಮುಂದೆ ನಿಲ್ಲುತ್ತೇನೆ. ಛಾಯಾ ಅಲ್ಲೇ ಇನ್ನೊಂದು ಕಾರಖಾನೆಯಲ್ಲಿ, ಪಂಪಿನ ಬಿಡಿಭಾಗಗಳನ್ನು ಅಳೆದು ನೋಡಿ ಸರಿಯಿದ್ದದ್ದನ್ನು ಒಂದು ಕಡೆ, ತಪ್ಪಿದ್ದದ್ದನ್ನು ಇನ್ನೊಂದು ಕಡೆ ಹಾಕುತ್ತಾಳೆ. ಮನೆಯಲ್ಲೂ ಅವಳದು ಅದೇ ಕೆಲಸ. ನನ್ನನ್ನು ಯಾವ ಕಡೆ ಹಾಕಿದ್ದಾಳೆಂದು ನಾನು ಕೇಳಲು ಹೋಗಿಲ್ಲ.

ಅವತ್ತು ನಾನು ನನ್ನ ಚೀಟಿ ಓದುತ್ತಿದ್ದೆ. ಯಾವಾಗಲೂ ಕೊನೆಯ ಮೊತ್ತವನ್ನಷ್ಟೇ ಲಕ್ಷ್ಯಗೊಟ್ಟು ಕೇಳುತ್ತಿದ್ದ ಅವ್ವ ಈ ಸಲ ಹಿಟ್ಟು ನಾದುತ್ತ ಒಂದೊಂದಕ್ಕೂ ಅಡ್ಡ ಬರುತ್ತಿದ್ದಳು.

“ಪಿಎಫ್ ಅಂದ್ರ?”

“ಮುಪ್ಪಿನ ಕಾಲಕ್ಕ, ಅವ್ವ.”

“ಇಎಸ್‌ಐ?”

“ದವಾಖಾನಿಗೆ.”

“ಈ ಪಿಟಿ ಇನ್ನೂರು?”

ಅದು ವೃತ್ತಿ ತೆರಿಗೆ. ಯಾರು ದುಡಿದು ಗಳಿಸುತ್ತಾರೋ ಅವರಿಂದ ರಾಜ್ಯ ಸರಕಾರ ತಿಂಗಳಿಗಿಷ್ಟು ಎಂದು ಪಗಾರದಲ್ಲೇ ಮುರಿದುಕೊಳ್ಳುತ್ತದೆ. ಇಷ್ಟನ್ನು ಬಿಡಿಸಿ ಹೇಳುವ ತಾಳ್ಮೆ ದಿನವಿಡೀ ಬೆಂಕಿಯ ಮುಂದೆ ನಿಂತು ಬಂದವನಿಗೆ ಎಲ್ಲಿರಬೇಕು? “ಸರಕಾರಕ್ಕ ಕೊಡೋ ಪಟ್ಟಿ” ಎಂದುಬಿಟ್ಟೆ. ಮುಂದಿನ ಗದ್ದಲವೆಲ್ಲ ಶುರುವಾದದ್ದು ಇಲ್ಲಿಂದಲೇ.

ಏಕೆಂದರೆ ನಮ್ಮ ವಸ್ತಿಯಲ್ಲಿ ಪಟ್ಟಿ, ಅಂದರೆ ವಂತಿಗೆ, ಕೊಡುವುದೆಂದರೆ ಸಣ್ಣ ಮಾತಲ್ಲ. ವರ್ಷಕ್ಕೊಮ್ಮೆ ನಮ್ಮ ದೇವರು ಬೀರೋಬಾನ ಕಟ್ಟೆಯ ಮೇಲೆ ಬೈಠಕ ಸೇರುತ್ತದೆ. ಗಳಿಸುವ ಪ್ರತಿಯೊಬ್ಬ ಗಂಡಸೂ ತನ್ನ ಪಟ್ಟಿ ಕೊಡಬೇಕು. ಕಟ್ಟೆಯ ಮೇಲೆ ಕರಿ ಕಂಬಳಿ ಹಾಸಿರುತ್ತದೆ. ಪಟ್ಟಿ ಕೊಟ್ಟವನು ಅದರ ಮೇಲೆ ಕೂತು, ಕೂಡಿದ ಹಣ ಯಾವುದಕ್ಕೆ ಹೋಗಬೇಕೆಂದು ಮಾತಾಡಬಹುದು. ಹೆಂಗಸರಿಗೆ ಮಾಫಿ. ಅವರು ಕಟ್ಟೆಯ ಕೆಳಗೆ ನಿಂತು ಕೇಳಬಹುದು, ಆಮೇಲೆ ಚಹಾ ಕೊಡಬಹುದು. ಇದನ್ನು ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಹೆಣ್ಣುಮಕ್ಕಳ ಮೇಲೆ ಭಾರ ಹಾಕಬಾರದೆಂದು ಹಿಂದಿನವರು ಮಾಡಿದ್ದು, ನಾವು ನಡೆಸಿಕೊಂಡು ಬಂದದ್ದು.

ಅವ್ವ ಛಾಯಾಳ ಕಡೆ ತಿರುಗಿದಳು. “ನಿಂದು ಓದವಾ.”

ಛಾಯಾ ಓದಿದಳು. ಪಿಎಫ್ ಇತ್ತು, ಇಎಸ್‌ಐ ಇತ್ತು. ಪಿಟಿ ಇರಲಿಲ್ಲ.

“ಇಕೀ ಕಡೆ ಯಾಕ ಪಟ್ಟಿ ತಗೊಂಡಿಲ್ಲ? ಇಕೀ ದುಡದಿಲ್ಲೇನು?”

“ದುಡದಾಳ ಅವ್ವ. ಆದ್ರ ನಮ್ಮ ಮಹಾರಾಷ್ಟ್ರದಾಗ ಹೆಣ್ಣಮಕ್ಕಳಿಗೆ ಇಪ್ಪತ್ತೈದು ಸಾವಿರದ ಮಟ ಮಾಫಿ ಐತಿ. ಗಂಡಸರಿಗೆ ಹತ್ತು ಸಾವಿರ ದಾಟಿದ್ರ ಇನ್ನೂರು ಹೋಗತೈತಿ. ಫೆಬ್ರುವರಿಯಾಗ ಮುನ್ನೂರು.”

“ಮಾಫಿ ಮಾಡ್ರಿ ಅಂತ ಇಕೀ ಹೋಗಿ ಕೇಳಿದ್ಳೇನು?”

“ಯಾರು ಕೇಳತಾರ ಅವ್ವ? ಸರಕಾರನ ಮಾಡೈತಿ. ಛಲೋನ ಆತಲ್ಲ, ಇನ್ನೂರು ಉಳೀತು.”

ಆ ದಿನ ಅವ್ವ ರೊಟ್ಟಿ ಬಡಿದ ಸಪ್ಪಳ ಆಚೆಯ ಮನೆಗೂ ಕೇಳಿಸಿರಬೇಕು.

ಅದೇ ವಾರ ಪರಸಪ್ಪ ಮಾಮಾ ಬಂದ. ಅವ್ವನ ಬೆನ್ನಿಗೆ ಹುಟ್ಟಿದ ತಮ್ಮ. ಕಾಗವಾಡದ ಆಚೆ, ಕರ್ನಾಟಕದ ಹಳ್ಳಿಯೊಂದರಲ್ಲಿ ಇರುತ್ತಾನೆ, ಸಕ್ಕರೆ ಕಾರಖಾನೆಯಲ್ಲಿ ಕೆಲಸ. ಇಪ್ಪತ್ನಾಲ್ಕು ಸಾವಿರ ಪಗಾರ, ಅದನ್ನು ಕೇಳದವರಿಗೂ ಹೇಳುತ್ತಾನೆ. ಗಾಡಿ ನಿಲ್ಲಿಸಿ ಒಳಗೆ ಬಂದವನಿಗೆ ಅವ್ವ ನೀರು ಕೊಡುವ ಮೊದಲೇ ಕೇಳಿದಳು:

“ಪರಶ್ಯಾ, ನಿನ್ನ ಪಗಾರದಾಗ ಸರಕಾರದ ಪಟ್ಟಿ ಎಷ್ಟ ಮುರೀತಾರೋ?”

“ನನಗೆಲ್ಲೀದು ಅಕ್ಕಾ! ನಮ್ಮ ಕಡೆ ಇಪ್ಪತ್ತೈದು ಸಾವಿರ ಮುಟ್ಟೂತನಕ ಯಾರಿಗೂ ಇಲ್ಲ. ಗಂಡಸು, ಹೆಂಗಸು, ಎಲ್ಲಾರಿಗೂ ಮಾಫಿ.” ಆಮೇಲೆ ನನ್ನ ಹೆಗಲಿಗೆ ಒಂದು ಬಿಟ್ಟ. “ಗಡಿ ದಾಟಿ ಬಂದುಬಿಡೋ ಅಳಿಯಾ. ತಿಂಗಳಾ ಇನ್ನೂರು ಉಳೀತೈತಿ, ಎರಡ ಸಲ ಮಟನ್ ಆಕ್ಕೈತಿ.”

“ಇನ್ನೂರಕ್ಕ ಎರಡ ಸಲ ಮಟನ್ ಯಾವ ಊರಾಗ ಕೊಡತಾರ ಮಾಮಾ? ಅದನ್ನ ಮೊದಲ ಹೇಳು, ನಾಳೇನ ಬರತೇನಿ.”

ದಿಲ್ಲಿಯ ಇನ್‌ಕಮ್ ಟ್ಯಾಕ್ಸ್ ದೇಶಕ್ಕೆಲ್ಲ ಒಂದೇ, ಮತ್ತು ನಮ್ಮಂಥವರ ಪಗಾರ ಅದರ ಬಾಗಿಲಿಗೂ ಮುಟ್ಟುವುದಿಲ್ಲ. ಈ ಪಿಟಿ ಮಾತ್ರ ರಾಜ್ಯಕ್ಕೊಂದು ಥರ. ಮಾಮಾನ ಮನೆಗೂ ನಮ್ಮ ಮನೆಗೂ ನಡುವೆ ಗಾಡಿಯ ಮೇಲೆ ಒಂದು ತಾಸಿನ ದಾರಿ. ಅದೇ ಕಬ್ಬು, ಅದೇ ಕರಿಮಣ್ಣು, ಅದೇ ಬೀರೋಬಾ. ನಡುವೆ ಒಂದು ಬೋರ್ಡು ಬರುತ್ತದೆ, ಅದರ ಆಚೆಗೆ ಹೋದರೆ ಮಾಮಾನಿಗಿಂತ ಮೂರು ಸಾವಿರ ಕಡಿಮೆ ಗಳಿಸುವ ನಾನೂ ಮಾಫಿ ಆಗಿಬಿಡುತ್ತೇನೆ. ವಿಚಾರ ಮಾಡಿದರೆ ತಲೆ ತಿರುಗುತ್ತದೆ.

ಅವ್ವನ ತಲೆ ಮಾತ್ರ ತಿರುಗಲಿಲ್ಲ. ಅವಳು ತಮ್ಮನನ್ನು ಮೇಲಿಂದ ಕೆಳಗೆ ನೋಡಿದಳು. “ಹಂಗಾರ ನೀನೂ ಮಾಫಿ ಆದಾಂವ. ನಿಮ್ಮೂರ ಬೈಠಕನ್ಯಾಗ ಕಂಬಳಿ ಮ್ಯಾಲ ಕುಂದರತೀಯೋ, ಕೆಳಗ ನಿಂದರತೀಯೋ?”

“ಏ, ನಾ ಪಂಚ ಅದೇನಿ ಅಕ್ಕಾ! ನಡಬರಕ ಕುಂದರತೇನಿ!”

“ಹೌದಾ,” ಎಂದಳು ಅವ್ವ. ನೀರಿನ ತಂಬಿಗೆ ಆಮೇಲೆ ಕೊಟ್ಟಳು.

ಈ ನಡುವೆ ಛಾಯಾಳ ಕಾರಖಾನೆಯಲ್ಲಿ ಒಂದು ಜಾಗ ತೆರವಾಯಿತು. ಇನ್‌ಸ್ಪೆಕ್ಟರ್ ಕೆಲಸ. ಬಿಡಿಭಾಗ ಅಳೆಯುವವರ ಮೇಲೆ ಇನ್ನೊಬ್ಬರು ಇರುತ್ತಾರಲ್ಲ, ಮಾಲು ಹೊರಗೆ ಹೋಗಬೇಕಾದರೆ ಯಾರ ಸಹಿ ಬೇಕೋ ಅವರು. ಐದು ವರ್ಷ ಆ ಮೇಜಿನ ಮುಂದೆ ನಿಂತವಳನ್ನೇ ಕರೆದರು. ಮೊದಲ ತಿಂಗಳು ಹಗಲು ಪಾಳಿಯಲ್ಲಿ ಕಲಿಯಬೇಕು, ಎರಡನೆಯ ತಿಂಗಳಿಂದ ರಾತ್ರಿ ಬಿಡುವ ಸೆಕೆಂಡ್ ಶಿಫ್ಟು. ಸೆಕೆಂಡ್ ಶಿಫ್ಟು ಆಗದಿದ್ದರೆ ಕೆಲಸ ಇನ್ನೊಬ್ಬರಿಗೆ, ಛಾಯಾ ತಿರುಗಿ ಹಳೆಯ ಮೇಜಿಗೆ. ಮನೆಗೆ ಬಂದವಳು ಚಪ್ಪಲಿ ಬಿಡುವುದನ್ನೂ ಮರೆತು ಒಂದೇ ಉಸಿರಿಗೆ ಹೇಳಿದಳು. ಮದುವೆಯಲ್ಲೂ ಗಡಿಬಿಡಿ ಮಾಡದ ಹೆಣ್ಣು ಅದು. ನನಗೆ ಹೆಮ್ಮೆಯೂ ಆಯಿತು, ಸ್ವಲ್ಪ ಹೊಟ್ಟೆಯೂ ಉರಿಯಿತು, ಏಕೆಂದರೆ ಹೊಸ ಪಗಾರ ಇಪ್ಪತ್ತೈದು ಸಾವಿರದ ಒಂದು ನೂರು. ನನಗಿಂತ ನಾಲ್ಕು ಸಾವಿರ ಮೇಲೆ.

ಅಡ್ಡಿ ಇದ್ದದ್ದು ರಸ್ತೆಯದು. ಶೇರ್ ಟೆಂಪೋ ಡಾಂಬರು ರಸ್ತೆಯಲ್ಲಿ ಇಳಿಸಿ ಹೋಗುತ್ತದೆ. ಅಲ್ಲಿಂದ ವಸ್ತಿಯವರೆಗೆ ಮಣ್ಣಿನ ದಾರಿ, ಎರಡೂ ಕಡೆ ಆಳೆತ್ತರದ ಕಬ್ಬು, ಒಂದೂ ದೀಪವಿಲ್ಲ. ಹಾವು ಇವೆ, ಬೀದಿನಾಯಿಗಳಿವೆ, ಕುಡಿದು ಬೀಳುವವರೂ ಇದ್ದಾರೆ. ನನ್ನ ಪಾಳಿ ವಾರಕ್ಕೊಮ್ಮೆ ಬದಲಾಗುತ್ತದೆ, ದಿನಾಲೂ ಕರೆತರುತ್ತೇನೆಂದು ಆಣೆ ಮಾಡಲು ಬರುವುದಿಲ್ಲ. ಅವ್ವ ಎರಡೇ ಮಾತಿನಲ್ಲಿ ಮುಗಿಸಿದಳು: “ದಾರ್ಯಾಗ ದೀಪ ಬಂದ್ರ ಹೋಗವಾ, ನಾನ ಬುತ್ತಿ ಕಟ್ಟತೇನಿ. ಕತ್ತಲಾಗ ಮಾತ್ರ ಬ್ಯಾಡ.”

ಛಾಯಾ ಅತ್ತೆಯ ಜೊತೆ ವಾದಿಸಲಿಲ್ಲ. ರಾತ್ರಿ ನನ್ನ ಹತ್ತಿರ ಮಾತ್ರ ಹೇಳಿದಳು, “ಅತ್ತಿ ಅಂದದ್ದು ಖರೇ ಐತ್ರಿ, ನನಗೂ ಅಂಜಿಕಿ ಐತಿ. ಆದ್ರ ಈ ಕೆಲಸ ನನಗ ಬೇಕು. ಇಷ್ಟ ವರ್ಷ ಮಂದಿ ಸಹಿಗೆ ಕಾಯ್ದೇನಿ. ಒಂದ ಸಲ ನನ್ನ ಸಹೀಲೆ ಮಾಲ ಹೊರಗ ಹೋಗಬೇಕು.” ದೀಪ ಹಾಕಿಸುವ ದಾರಿ ಒಂದೇ ಇತ್ತು. ಬೈಠಕಿನ ಪಟ್ಟಿಯ ಹಣ. ಆ ಬೈಠಕ ಇನ್ನು ಒಂದು ತಿಂಗಳಿಗೆ ಇತ್ತು.

ಕಲಿಯುವ ತಿಂಗಳು ಶುರುವಾದಾಗ ಕಾರಖಾನೆಯ ಆಫೀಸಿನವನು ಛಾಯಾಳನ್ನು ಕರೆದು ಒಂದು ಉಪಕಾರದ ಮಾತು ಹೇಳಿದ. ಪಗಾರ ಇಪ್ಪತ್ತೈದು ಸಾವಿರ ದಾಟಿದರೆ ಹೆಂಗಸರಿಗೂ ಪಿಟಿ ಬೀಳುತ್ತದೆ. ನೂರು ಹೆಚ್ಚು ತೆಗೆದುಕೊಂಡು ಇನ್ನೂರು ಕಳೆದುಕೊಳ್ಳುವುದೇಕೆ? “ಮ್ಯಾಡಮ್, ಪಂಚವೀಸ ಹಜಾರಚ ಠೇವೂಯಾ ಕಾ?” ಎಂದು ಕೇಳಿದ, ಇಪ್ಪತ್ತೈದಕ್ಕೇ ನಿಲ್ಲಿಸಿಬಿಡೋಣ ಎಂದು. ಛಾಯಾ ವಿಚಾರ ಮಾಡಿ ನಾಳೆ ಹೇಳುತ್ತೇನೆಂದು ಮನೆಗೆ ಬಂದಳು.

ನಾನು ಲೆಕ್ಕದಲ್ಲಿ ಹುಷಾರಿ. “ಅಂವ ಹೇಳಿದ್ದು ಬರೋಬರಿ ಐತಿ,” ಎಂದೆ. “ಇಪ್ಪತ್ತೈದಕ್ಕ ನಿಂತ್ರ ಪಿಟಿ ಇಲ್ಲ. ಅದರ ಮ್ಯಾಲ ನೂರು ಬಂದ್ರ ಇನ್ನೂರು ಹೋಗತೈತಿ, ಕೈಯಾಗ ನೂರು ಕಮ್ಮಿ. ಯಾವ ಶಾಣ್ಯಾನೂ ಹೂಂ ಅನ್ನೂದಿಲ್ಲ.”

ಅವ್ವ ಒಳಗಿಂದ ಬಂದಳು. ಕೈಯಲ್ಲಿ ಸೌಟು ಇತ್ತು, ಅದು ಒಳ್ಳೆಯ ಲಕ್ಷಣವಲ್ಲ.

“ನಿನ್ನ ಪಗಾರದಾಗ ಮುರಿದ್ರ ನೀ ಗಳಸಾಂವ. ಇಕೀ ಪಗಾರದಾಗ ಮುರಿದ್ರ ಲುಕ್ಸಾನೇನು?”

“ಅವ್ವ, ರೊಕ್ಕದ ಲೆಕ್ಕ ಬ್ಯಾರೆ...”

“ಲೆಕ್ಕ ನನಗ ಕಲಸಬ್ಯಾಡ. ನಿಮ್ಮಪ್ಪನ ಕುರಿ ಲೆಕ್ಕ ಇಟ್ಟಾಕಿ ನಾನು. ನೀ ಹೇಳವಾ ಛಾಯಾ. ಕೊಡತೀಯೋ, ಮಾಫಿ ಬೇಕೋ?”

ಛಾಯಾ ನನ್ನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು. ಆಮೇಲೆ ನಕ್ಕಳು. “ಕೊಡತೇನಿ ಅತ್ತಿ. ನೂರು ರೂಪಾಯಿದಾಗ ಏನ್ ಅರಮನಿ ಕಟ್ಟೂದೈತಿ?” ಮರುದಿನ ಆಫೀಸಿನವನಿಗೆ “ಕಾಪೂನ ಘ್ಯಾ” ಎಂದು ಹೇಳಿ ಬಂದಳು, ಮುರಿದುಕೊಳ್ಳಿ ಎಂದು. ಅವನು ಇಂಥ ಮಾತನ್ನು ಹಿಂದೆ ಕೇಳಿರಲಿಲ್ಲವಂತೆ.

ಆ ತಿಂಗಳ ಚೀಟಿ ಬಂದಾಗ ಅವ್ವ ಅದನ್ನು ಎರಡು ಸಲ ಓದಿಸಿದಳು. ಪಿಟಿ ಇನ್ನೂರು. ಮೂರನೆಯ ಸಲ ಅಪ್ಪನನ್ನು ಕರೆದು ಓದಿಸಿದಳು. ಮರುದಿನ ಗೋದಿಹುಗ್ಗಿ ಮಾಡಿ ಅಕ್ಕಪಕ್ಕದ ಮನೆಗೆಲ್ಲ ಕೊಟ್ಟಳು. ಏನು ವಿಶೇಷ ಎಂದು ಕೇಳಿದವರಿಗೆ “ಸೊಸಿ ಪಟ್ಟಿ ಕೊಟ್ಟಾಳ” ಎಂದಳು. ತೆರಿಗೆ ಮುರಿದದ್ದಕ್ಕೆ ಹುಗ್ಗಿ ಮಾಡಿದ ಮನೆ ಮಹಾರಾಷ್ಟ್ರದಲ್ಲಿ ನಮ್ಮದೊಂದೇ ಇರಬೇಕು, ಕರ್ನಾಟಕದಲ್ಲಂತೂ ಇರಲಿಕ್ಕಿಲ್ಲ. ನಾನು ತಿಳಿಸಿ ಹೇಳಲು ನೋಡಿದೆ, ಸರಕಾರಕ್ಕೆ ಕೊಟ್ಟರೆ ವಸ್ತಿಯ ಪಟ್ಟಿ ಕೊಟ್ಟಂತೆ ಆಗುವುದಿಲ್ಲ, ಎರಡೂ ಬೇರೆ ಎಂದು. ಅವ್ವ ನನ್ನ ತಟ್ಟೆಗೆ ಇನ್ನಷ್ಟು ಹುಗ್ಗಿ ಬಡಿಸಿದಳು. ಅದು ಬಾಯಿ ಮುಚ್ಚಿಸುವ ಅವಳ ರೀತಿ.

ಬೈಠಕ ಭಾನುವಾರ ಮುಂಜಾನೆ ಸೇರಿತು. ಕಟ್ಟೆಯ ಮೇಲೆ ಕಂಬಳಿ ಹಾಸಿತ್ತು. ನಡುವೆ ರಾವಸಾಬ ಕಾಕಾ ಕೂತಿದ್ದರು. ವಸ್ತಿಗೆ ಹಿರಿಯರು, ಮೆತ್ತಗಿನ ಮನುಷ್ಯ, ಯಾರಿಗೂ ಜೋರಾಗಿ ಒಂದು ಮಾತು ಆಡಿದವರಲ್ಲ. ನಾನು ನನ್ನ ಜಾಗದಲ್ಲಿ ಕೂತಿದ್ದೆ. ಅಪ್ಪನ ಪಟ್ಟಿ ಈಗ ನನ್ನ ಹೆಸರಿಗೆ ಬಂದಿದೆ, ಆದರೂ ಹಿರಿಯರೆಂದು ಅಪ್ಪ ಇನ್ನೂ ಮೂಲೆಯಲ್ಲಿ ಮೊಣಕಾಲು ಚಾಚಿ ಕೂಡುತ್ತಾನೆ. ಕೆಳಗೆ ಹೆಂಗಸರು. ಮುಂದೆಯೇ ಅವ್ವ, ಪಕ್ಕದಲ್ಲಿ ಛಾಯಾ.

ಈ ವರ್ಷದ ವಿಷಯ ಮೊದಲೇ ಗೊತ್ತಿತ್ತು. ಕಮಾನು. ವಸ್ತಿಯ ಬಾಯಿಗೆ ದೊಡ್ಡ ಕಮಾನು ಕಟ್ಟಬೇಕು, ಮೇಲೆ ಬೀರೋಬಾನ ಹೆಸರು, ಎರಡೂ ಕಡೆ ಸಿಮೆಂಟಿನ ಟಗರು. ಸುಶಾಂತ ಎಂಬ ನಮ್ಮ ಹುರುಪಿನ ಹುಡುಗ ಅದರ ಚಿತ್ರವನ್ನು ಮೊಬೈಲಿನಲ್ಲಿ ಮಾಡಿಸಿ ತಂದು ಎಲ್ಲರಿಗೂ ತೋರಿಸಿದ. ಟಗರುಗಳು ಭಾರಿ ಚೆಂದ ಇದ್ದವು, ಸುಳ್ಳು ಯಾಕೆ ಹೇಳಲಿ? ನನ್ನನ್ನು ಕೇಳಿದಾಗ “ಅದೂ ಛಲೋ, ಇನ್ನೊಂದೂ ಛಲೋ” ಎಂದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಕೆಳಗಿನಿಂದ ಛಾಯಾ ನನ್ನನ್ನು ನೋಡಿದ ನೋಟ ಈಗಲೂ ಬೆನ್ನಿಗೆ ಚುಚ್ಚುತ್ತದೆ.

ನನ್ನನ್ನು ನೆಚ್ಚಿಕೊಂಡು ಕೆಲಸವಾಗುವುದಿಲ್ಲವೆಂದು ಅವಳೇ ಬಾಯಿ ತೆರೆದಳು. “ಕಾಕಾ, ಒಂದ ಮಾತ ಹೇಳಲೇನ್ರಿ? ಕಮಾನ ಮುಂದಿನ ವರ್ಷ ಮಾಡೋಣು. ಈ ವರ್ಷ ದಾರಿಗೆ ಸೋಲಾರ್ ದೀಪ ಹಾಕ್ಸೋಣು. ಮುಂದಿನ ವಾರದಿಂದ ನನ್ನ ಸೆಕೆಂಡ್ ಶಿಫ್ಟು ಐತಿ. ನನಗ ಅಷ್ಟ ಅಲ್ರಿ, ಎಂಐಡಿಸಿಗೆ ಹೋಗೋ ಎಲ್ಲಾ ಹೆಣ್ಣಮಕ್ಕಳೂ ಅದ ಕತ್ತಲಾಗ ನಡೀತಾರ.”

ರಾವಸಾಬ ಕಾಕಾನಿಗೆ ಕೆಡುಕೆನಿಸಿತು, ಮುಖದಲ್ಲೇ ಕಾಣುತ್ತಿತ್ತು. “ನೀ ಹೇಳೋದು ಖರೇ ಐತಿ ಮಗಳ. ಆದ್ರ ಪಟ್ಟಿ ಕೊಡೋರು ಕಮಾನ ಅಂದಾರ. ನಿಮ್ಮ ಮ್ಯಾಲ ಭಾರ ಬ್ಯಾಡ ಅಂತ ನಿಮಗ ಮಾಫಿ ಇಟ್ಟೇವಿ. ಮಾಫಿ ಇದ್ದೋರು ಪಟ್ಟಿ ಖರ್ಚಿನ್ಯಾಗ ಬಾಯಿ ಹಾಕೂ ಪದ್ಧತಿ ಇಲ್ಲವಾ.”

“ಕುರಿ ಕೇಳಿ ಮಸಾಲಿ ಅರೀತಾರೇನು?” ಎಂದ ಸುಶಾಂತ ಮೆಲ್ಲಗೆ. ಮೆಲ್ಲಗೆ ಎಂದು ಅವನು ತಿಳಿದಿದ್ದ. ನಾಲ್ಕು ಜನ ನಕ್ಕರು.

“ಏ ಸುಶಾಂತ,” ಎಂದಳು ಅವ್ವ. “ನಾ ಕುರಿ ಲೆಕ್ಕ ಇಟ್ಟಾಕಿ. ಕುರಿ ಯಾವುದು, ಕುರಿಮರಿ ಯಾವುದು, ನನಗ ಛಂದಂಗಿ ಗೊತ್ತೈತಿ. ಸುಮ್ಮ ಕುಂದ್ರು.” ಛಾಯಾಳ ಮೊಬೈಲನ್ನು ತೆಗೆದುಕೊಂಡು ಕಟ್ಟೆಯ ಮೇಲೆ ಕೂತಿದ್ದ ರಾವಸಾಬ ಕಾಕಾನ ಮುಂದೆ ಹಿಡಿದಳು. “ಓದ್ರಿ. ನನ್ನ ಸೊಸಿ ಮಾಫಿ ಅಲ್ಲ. ಸರಕಾರ ಇಕೀ ಕಡೆ ಪಟ್ಟಿ ತಗೊಂಡೈತಿ. ಸರಕಾರಕ್ಕ ನಡೀತೈತಿ, ನಿಮಗ ನಡಿಯೂದಿಲ್ಲೇನು?”

ಕಾಕಾ ಕನ್ನಡಕ ಹಾಕಿಕೊಂಡು ಓದಿದರು. “ವೈನಿ, ಇದು ಪಿಟಿ. ಸರಕಾರದ್ದು ಬ್ಯಾರೆ, ನಮ್ಮದು ಬ್ಯಾರೆ.”

ನಾನು ಹೇಳಿರಲಿಲ್ಲವೇ? ಇನ್ನು ಅವ್ವ ಸೋತಳು ಎಂದುಕೊಂಡೆ. ಆದರೆ ಅವಳು ಉಸಿರು ಕೂಡ ತೆಗೆದುಕೊಳ್ಳಲಿಲ್ಲ.

“ಬ್ಯಾರೆ ಅಂದ್ರ ಬ್ಯಾರೆ ಇರ್ಲಿ. ನನ್ನ ತಮ್ಮ ಪರಶ್ಯಾ ಕಾಗವಾಡದ ಆಕಡೆ ಅದಾನ. ಇಪ್ಪತ್ನಾಲ್ಕು ಸಾವಿರ ಗಳಸತಾನ. ಅಲ್ಲೀ ಸರಕಾರ ಅಂವಗ ಮಾಫಿ ಮಾಡೈತಿ. ಗಂಡಸಿಗೆ! ಅಂ‌ವ ಕಂಬಳಿ ಬಿಟ್ಟ ಎದ್ದಾನೇನು? ಪಂಚ ಆಗಿ ಕುಂತಾನ. ಇಲ್ಲಿ ಇವರನ್ನ ನೋಡ್ರಿ.” ಅಪ್ಪನ ಕಡೆ ಕೈ ತೋರಿಸಿದಳು. “ಇವರಿಗೆ ಎರಡ ವರ್ಷ ಆತು ಮಾಫಿ ಆಗಿ. ಇವರ‍್ನ ಏಳ್ರಿ ಅಂದೀರೇನು? ಗಂಡಸಿಗೆ ಮಾಫಿ ಮಾಡಿದ್ರ ಅಂವ ಹಿರಿಯಾ. ಹೆಂಗಸಿಗೆ ಮಾಫಿ ಮಾಡಿದ್ರ ಅಕೀ ಕೆಳಗ ನಿಂದರಬೇಕು. ಇದ್ಯಾವ ಲೆಕ್ಕ?”

ಅವ್ವನ ಮೊದಲನೆಯ ವಾದಕ್ಕೂ ಎರಡನೆಯದಕ್ಕೂ ತಾಳೆಯಾಗುತ್ತಿರಲಿಲ್ಲ. ಮೊದಲು, ಕೊಟ್ಟವರು ಕೂಡಬೇಕು ಎಂದಳು. ಆಮೇಲೆ, ಕೊಡದವರೂ ಕೂತಿದ್ದಾರೆ ಎಂದಳು. ಆದರೆ ಕಂಬಳಿಯ ಮೇಲೆ ಇದ್ದ ನಾವೆಲ್ಲ ರಾವಸಾಬ ಕಾಕಾನ ಮುಖ ನೋಡಿದೆವು.

“ಭಾರ ಬ್ಯಾಡ ಅಂತ ಮಾಡಿದ್ದು ವೈನಿ,” ಎಂದರು ಕಾಕಾ, ಸೋತ ದನಿಯಲ್ಲಿ. “ನಿಮ್ಮ ಒಳ್ಳೇದಕ್ಕನ ಮಾಡಿದ್ದು.”

“ಒಳ್ಳೇದ ಮಾಡೂ ಮೊದಲ ಒಂದ ಸಲ ಕೇಳಬೇಕ್ರಿ.”

ಆಗ ಅಪ್ಪ ಮಾತಾಡಿದ. ಅಪ್ಪ ಬೈಠಕಿನಲ್ಲಿ ಬಾಯಿ ತೆರೆದದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಮನೆಯಲ್ಲೇ ತೆರೆಯುವುದು ಅಪರೂಪ.

“ರಾವಸಾಬ,” ಎಂದ. “ನಾ ಕುರಿ ಹೊಡಕೊಂಡ ತಿಂಗಳಗಟ್ಟಲೆ ಊರ ಬಿಟ್ಟ ಹೊಕ್ಕಿದ್ದೆ. ಆವಾಗ ನನ್ನ ಹೆಸರಿನ ಪಟ್ಟಿ ಯಾರ ತಂದ ಕೊಡತಿದ್ರು, ನೆನಪ ಐತೇನು? ಇಕೀ ಉಣ್ಣಿ ನೂಲ ನೂತ ಮಾರಿ ಕೊಟ್ಟದ್ದು. ಬರಿಯೋರು ‘ಬಾಳು’ ಅಂತ ನನ್ನ ಹೆಸರ ಬರೀತಿದ್ರು. ತಿರುಗಿ ಬಂದ ನಾ ಕಂಬಳಿ ಮ್ಯಾಲ ಕುಂದರತಿದ್ದೆ.” ಮೊಣಕಾಲು ಸವರಿಕೊಂಡ. “ನನ್ನನ್ನೂ ಯಾರೂ ಕೇಳಲಿಲ್ಲ. ಕೇಳಿದ್ರ ಹೇಳತಿದ್ದೆ.”

ಅವ್ವ ಅಪ್ಪನನ್ನೇ ನೋಡುತ್ತ ನಿಂತಳು. ನನ್ನ ಅಪ್ಪನ ಮೇಲೆ ನನಗೆ ಆಗ ಬಂದಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ.

ರಾವಸಾಬ ಕಾಕಾ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿಕೊಂಡರು. ಆಮೇಲೆ ಹೆಂಗಸರ ಸಾಲಿನತ್ತ ತಿರುಗಿ, ತಮ್ಮ ಹೆಂಡತಿಯನ್ನು ಹೆಸರು ಹಿಡಿದು ಕರೆದರು. ನಮ್ಮಲ್ಲಿ ಅವರ ವಯಸ್ಸಿನವರು ನಾಲ್ಕು ಜನರ ಮುಂದೆ ಹಾಗೆ ಕರೆಯುವುದಿಲ್ಲ.

“ಗುರುಶಾಂತವ್ವ, ಪಟ್ಟಿ ಕೊಡತೀಯೇನು, ಮಾಫಿ ಬೇಕೇನು?”

ಗುರುಶಾಂತವ್ವ ಕಾಕಿ ಹಾಲು ಮಾರುತ್ತಾಳೆ. ಸೆರಗು ಸರಿಮಾಡಿಕೊಂಡು, “ಕೊಡತೇನಿ,” ಎಂದಳು. “ನನ್ನ ಹಾಲಿನ ರೊಕ್ಕ ಎಲ್ಲಾ ನಿಮ್ಮ ಚಹಾ-ತಂಬಾಕಕ್ಕ ಹೋಗಬೇಕಂತ ಬೀರೋಬಾ ಹೇಳಿಲ್ಲ.” ಈ ಸಲದ ನಗುವಿನಲ್ಲಿ ಕಾಕಾನೂ ಸೇರಿದ್ದರು.

ಮುಂದಿನವಳನ್ನು ಕೇಳಿದರು. ಅವಳ ಮುಂದಿನವಳನ್ನು ಕೇಳಿದರು. ಒಬ್ಬಳು ದ್ರಾಕ್ಷಿ ತೋಟದ ಕೂಲಿಯವಳು, ಮಾಫಿ ಬೇಕು, ಈ ವರ್ಷ ಮಗಳ ಸಾಲಿ ಖರ್ಚು ಐತಿ ಎಂದಳು. ಆತು ಎಂದರು. ಉಳಿದವರು ಹೆಚ್ಚಾಗಿ ಕೊಡತೇನಿ ಎಂದರು, ಮತ್ತು ಕೊಡತೇನಿ ಎಂದ ಪ್ರತಿಯೊಬ್ಬಳೂ ಕೇಳುವ ಮೊದಲೇ “ದೀಪ” ಎಂದೂ ಸೇರಿಸಿದಳು. ಛಾಯಾಳ ಸರದಿ ಬಂದಾಗ ಯಾವ ಹೆಸರು ಬರೆಯಲಿ, ರಾಜಕುಮಾರನ ಹೆಂಡತಿ ಅಂತ ಬರೆಯಲೇ ಎಂದು ಹೆಸರು ಬರೆದುಕೊಳ್ಳುತ್ತಿದ್ದ ಸುಶಾಂತ ಕೇಳಿದ. “ಛಾಯಾ ಅಂತ ಬರಿ,” ಎಂದೆ ನಾನು, ಅವಳಿಗಿಂತ ಮೊದಲು. “ಮತ್ತ ನಂದೂ ದೀಪಕ್ಕ ಬರಕೋ.” ತಡವಾಗಿತ್ತು, ನನಗೆ ಗೊತ್ತು. ಆದರೂ ಅವಳು ನಕ್ಕಳು.

ಕಂಬಳಿಯ ಮೇಲಿದ್ದ ಇನ್ನೂ ಕೆಲವರು ನನ್ನ ಹಿಂದೆ ಬಂದರು. ಕಮಾನು ಮುಂದಿನ ವರ್ಷಕ್ಕೆ ಹೋಯಿತು. ಮಿರಜಿನ ಅಂಗಡಿಯವನನ್ನು ನಾಳೆಯೇ ಕರೆಸಿ ಕಂಬ ನಿಲ್ಲಿಸುವುದೆಂದು ಠರಾವಾಯಿತು. ಛಾಯಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು, ಕಣ್ಣು ತುಂಬಿದ್ದವು. ಅವಳ ಕೆಲಸ ಉಳಿಯಿತು.

ಜನ ಏಳುವುದರಲ್ಲಿದ್ದರು. ರಾವಸಾಬ ಕಾಕಾ ಕೈ ಎತ್ತಿ ನಿಲ್ಲಿಸಿದರು.

“ದುಂಡವ್ವ ವೈನಿ, ನೀವೊಬ್ರು ಉಳದೀರಿ. ಪಟ್ಟಿ ಕೊಡತೀರೇನು, ಮಾಫಿ ಬೇಕೇನು?”

ಅವ್ವ ಛಾಯಾಳ ಹೆಗಲು ಹಿಡಿದು ಕಟ್ಟೆ ಹತ್ತಿದಳು. ಕಂಬಳಿಯ ಮೇಲೆ ಅಪ್ಪನ ಪಕ್ಕದಲ್ಲಿ ಕೂತಳು. ಸೆರಗು ಹೊದ್ದುಕೊಂಡಳು. ಸುತ್ತಲೂ ನೋಡಿದಳು.

“ವೈನಿ?”

“ತಡೀರಿ. ವಿಚಾರ ಮಾಡಾಕತ್ತೇನಿ.”

ಇಡೀ ವಸ್ತಿ ತಡೆಯಿತು. ಚಹಾ ಆರಿತು. ಯಾರೂ ಎದ್ದು ಹೋಗಲಿಲ್ಲ. ಕೊಡತೇನಿ ಎಂದು ಗುಡುಗುತ್ತಾಳೆಂದು ನಾನು ಕಾಯುತ್ತಿದ್ದೆ, ಎಲ್ಲರೂ ಅದನ್ನೇ ಕಾಯುತ್ತಿದ್ದರು.

“ನನಗ ಮಾಫಿ ಬೇಕ್ರಿ,” ಎಂದಳು ಕೊನೆಗೆ. “ಇವರ ಹೆಸರೀಲೆ ಭಾಳ ವರ್ಷ ಕೊಟ್ಟೇನಿ. ಸಾಕಾಗೈತಿ.”

“ಆತ್ರಿ ವೈನಿ. ಮಾಫಿ,” ಎಂದರು ರಾವಸಾಬ ಕಾಕಾ.

ಅವ್ವ ಕಂಬಳಿಯ ಮೇಲೆ ಇನ್ನಷ್ಟು ಹಿಂದಕ್ಕೆ ಸರಿದು, ಅಪ್ಪನಂತೆಯೇ ಎರಡೂ ಕಾಲು ನೀಡಿ ಕೂತಳು.